ಧೂಳೂ ಅವರದೇ, ಹೊಳಪೂ ಅವರದೇ

ಚಿಕ್ಕಬಳ್ಳಾಪುರದಲ್ಲಿ ಧೂಳು ಪುಕ್ಕಟೆ. ತೆಗೆಸೋದಕ್ಕೆ ಮಾತ್ರ ಸಾವಿರಗಟ್ಟಲೆ.

ಹೆದ್ದಾರಿ ಬದಿಯಲ್ಲಿ ‘ವಾಟರ್ ಸರ್ವಿಸ್’ ಎಂದು ಬೋರ್ಡು ಹಾಕಿಕೊಂಡಿದ್ದ ಶೆಡ್ಡುಗಳು ಈಗ ‘ಕಾರ್ ಡೀಟೇಲಿಂಗ್ ಸ್ಟುಡಿಯೋ’ ಆಗಿವೆ. ಶೆಡ್ಡು ಅದೇ. ಹುಡುಗ ಅವನೇ. ಬಕೆಟ್ಟೂ ಅದೇ. ರೇಟು ಮಾತ್ರ ಬೆಂಗಳೂರಿನದು. ಹೋಟೆಲಿನ ತಿಂಡಿ ಪಟ್ಟಿಯ ಹಾಗೆ ಗೋಡೆ ತುಂಬ ಬರೆದಿದ್ದಾರೆ: ಕ್ಲೇ ಬಾರ್, ವ್ಯಾಕ್ಸ್, ಸೆರಾಮಿಕ್.

ಗಿರಾಕಿಯನ್ನು ನೀವೂ ನೋಡಿದ್ದೀರಿ. ಬಿಳಿ ಅಂಗಿ, ಬಿಳಿ ಕಾರು, ಕಲ್ಲು ಕ್ರಷರಿನಲ್ಲೊಂದು ಪಾಲು. ಬಾನೆಟ್ ಮೇಲೆ ಬೆರಳಾಡಿಸಿ ಮುಖ ಹಿಂಡುತ್ತಾರೆ. ‘ಏನಪ್ಪಾ ಇದು, ಹೀಗೆ ಗರಗರ ಅಂತದೆ?’ ಸ್ವಾಮಿ, ಅದು ನಿಮ್ಮದೇ ಮಾಲು. ಟಿಪ್ಪರಿಗೆ ಟಾರ್ಪಾಲು ಹೊದಿಸದೆ ಕಳಿಸಿದ್ದಿರಲ್ಲ, ಅದು ಮನೆಗೆ ವಾಪಸು ಬಂದಿದೆ.

ಇದೇ ಧೂಳು ಶಿಡ್ಲಘಟ್ಟದ ಕಡೆ ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂರುತ್ತದೆ. ರೇಷ್ಮೆಹುಳು ಬಹಳ ಮರ್ಯಾದಸ್ಥ ಪ್ರಾಣಿ, ಧೂಳು ಹಿಡಿದ ಸೊಪ್ಪಿಗೆ ಸರಿಯಾಗಿ ಬಾಯಿ ಹಾಕೋಲ್ಲ. ರೈತ ಹೋಗಿ ಕೇಳಿದರೆ ‘ಅಭಿವೃದ್ಧಿ ಬೇಕು ಅಂದರೆ ಸ್ವಲ್ಪ ಸಹಿಸಿಕೋಬೇಕು’ ಎಂಬ ಉತ್ತರ. ಕಾರಿಗೆ ಸಹನೆಯ ಪಾಠ ಹೇಳಿದವರನ್ನು ನಾನು ಕಂಡಿಲ್ಲ.

ಇರಲಿ. ದುಡ್ಡು ಕೊಡುವವರಿಗೆ ಕೆಲಸವಾದರೂ ಸರಿಯಾಗಿ ಆಗುತ್ತದೆಯೇ? ಅದೂ ಇಲ್ಲ.

ಕಾರಿನ ಬಣ್ಣದ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರ ಇರುತ್ತದೆ. ದಪ್ಪ ಸುಮಾರು 40-50 ಮೈಕ್ರಾನ್. ನೀವು ತಾಲ್ಲೂಕು ಕಚೇರಿಗೆ ಅರ್ಜಿ ಬರೆಯುವ ಹಾಳೆಯ ಅರ್ಧದಷ್ಟು. ನಮ್ಮ ಗ್ರಾನೈಟ್ ಧೂಳಿನಲ್ಲಿರುವ ಸ್ಫಟಿಕ ಅದಕ್ಕಿಂತ ಎಷ್ಟೋ ಗಟ್ಟಿ. ಇಪ್ಪತ್ತು ಲಕ್ಷದ ಕಾರನ್ನು ಬೆಳಗ್ಗೆ ಎದ್ದು ಹಳೇ ಬನಿಯನ್ನಿನಲ್ಲಿ ನೀರು ಹಾಕದೆ ಒರೆಸುವವನು ಧೂಳು ತೆಗೆಯುತ್ತಿಲ್ಲ. ಕಲ್ಲಿನಲ್ಲಿ ಉಜ್ಜುತ್ತಿದ್ದಾನೆ. ಬಿಸಿಲಿಗೆ ಹಿಡಿದರೆ ಕಾಣುವ ಆ ಸುತ್ತುಸುತ್ತು ಗೀರುಗಳು ಅವನದೇ ಕೈಕೆಲಸ.

ಕ್ಲೇ ಬಾರ್ ಎಂಬ ಜೇಡಿಯಂಥ ಬಿಲ್ಲೆಗೆ ಆ ಗೀರು ತೆಗೆಯೋದಕ್ಕೆ ಬರೋಲ್ಲ. ತೊಳೆದರೂ ಹೋಗದೆ ಬಣ್ಣಕ್ಕೆ ಕಚ್ಚಿಕೊಂಡಿದ್ದನ್ನು ಅದು ಎಳೆದು ತೆಗೆಯುತ್ತದೆ, ಅಷ್ಟೇ. ಬ್ರೇಕಿನಿಂದ ಉದುರಿದ ಕಬ್ಬಿಣದ ಪುಡಿ, ಗೌರಿಬಿದನೂರಿನಲ್ಲಿ ಹಳಿ ಪಕ್ಕ ನಿಲ್ಲಿಸಿದರೆ ರೈಲು ಕೊಡುವ ಚೂರು, ಚಿಂತಾಮಣಿಯ ಮಾವಿನ ಮರದ ಕೆಳಗೆ ಜಿಗಿಹುಳು ಸುರಿಸುವ ಅಂಟು. ಬೇಕೋ ಬೇಡವೋ ಎಂದು ತಿಳಿಯೋದೂ ಸುಲಭ. ಕಾರು ತೊಳೆದು ಒಣಗಿಸಿ, ಕೈಗೆ ತೆಳು ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಮೆಲ್ಲಗೆ ಸವರಿ. ತರಿತರಿ ಅಂದರೆ ಬೇಕು. ನುಣ್ಣಗಿದ್ದರೆ ಬೇಡ. ಕವರಿಗೆ ಎಲ್ಲಿ ಹೋಗೋದು ಎಂಬ ಚಿಂತೆ ಬೇಡ. 2016ರಿಂದ ರಾಜ್ಯದಲ್ಲಿ ನಿಷೇಧವಾಗಿದೆ, ಆದ್ದರಿಂದ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ.

ಆದರೆ ಸ್ಟುಡಿಯೋದಲ್ಲಿ ಈ ಪರೀಕ್ಷೆ ಯಾರೂ ಮಾಡೋಲ್ಲ. ಬೇಡ ಎಂದು ಗೊತ್ತಾಗಿಬಿಟ್ಟರೆ?

ಬಾರುಗಳಲ್ಲಿ ನಯ, ಮಧ್ಯಮ, ಒರಟು ಎಂದು ಬಗೆಗಳಿವೆ. ಮನೆ ಕಾರಿಗೆ ನಯವಾದದ್ದೇ ಸಾಕು. ಒರಟಿನಲ್ಲಿ ಕೆಲಸ ಬೇಗ ಮುಗಿಯುತ್ತದೆ, ಹೊಳಪೂ ಬೇಗ ಮುಗಿಯುತ್ತದೆ, ಆಮೇಲೆ ಮೆಷಿನ್ ಪಾಲಿಶಿಗೆ ಬೇರೆ ಬಿಲ್ಲು. ಬಾರು ಕಾರಿನ ಮೈಮೇಲೆ ಜಾರುವಷ್ಟು ಲ್ಯೂಬ್ರಿಕಂಟ್ ಸಿಂಪಡಿಸುತ್ತಾ, ಒತ್ತದೆ, ಅಂಗೈಯಗಲದ ಜಾಗದಲ್ಲಿ ಅತ್ತಿತ್ತ ಆಡಿಸಬೇಕು. ಬಾರು ಕೊಳೆಯಾದರೆ ನಾದಿ ಮಡಚಿ ಹೊಸ ಮುಖ ತಿರುಗಿಸಬೇಕು. ನೆಲಕ್ಕೆ ಬಿತ್ತೋ, ಎಸೆಯಬೇಕು. ನಮ್ಮ ಹುಡುಗನ ಕೈಯಿಂದಲೂ ಬೀಳುತ್ತದೆ. ಅವನು ಎತ್ತಿಕೊಳ್ಳುತ್ತಾನೆ, ಪ್ಯಾಂಟಿಗೆ ಒರೆಸುತ್ತಾನೆ, ಮುಂದುವರಿಸುತ್ತಾನೆ. ಓನರು ಮೊಬೈಲಿನಲ್ಲಿ ರೀಲ್ಸ್ ನೋಡುತ್ತಿರುತ್ತಾರೆ. ಆ ಹುಡುಗನನ್ನು ಬೈದು ಏನು ಫಲ? ಬಾರಿನ ಬೆಲೆ ಅವನ ದಿನಗೂಲಿಯ ಹತ್ತಿರ ಇರುತ್ತದೆ.

ಕ್ಲೇ ಉಜ್ಜಿದಾಗ ಹಳೆ ವ್ಯಾಕ್ಸೂ ಹೊರಟುಹೋಗುತ್ತದೆ. ಹಾಗಾಗಿ ಹೊಸದು ಹಚ್ಚಲೇಬೇಕು. ಕಾರ್ನೌಬಾ ಮೇಣ ಬ್ರೆಜಿಲಿನ ಒಂದು ತಾಳೆ ಜಾತಿಯ ಮರದ ಎಲೆಯಿಂದ ಬರುತ್ತದೆ. ನೆರಳಿನಲ್ಲಿ, ತಣ್ಣಗಿರುವ ಬಣ್ಣದ ಮೇಲೆ, ತೆಳ್ಳಗೆ ಹಚ್ಚಿ ಒರೆಸಬೇಕು. ಮಂದವಾಗಿ ಮೆತ್ತಿದರೆ ಹೆಚ್ಚು ದಿನ ಬರೋಲ್ಲ, ಒರೆಸುವವನ ತೋಳು ನೋಯುತ್ತದೆ. ನಮ್ಮ ಬಿಸಿಲಿಗೆ ಒಂದೆರಡು ತಿಂಗಳು ಬಾಳಿದರೆ ಪುಣ್ಯ. ಸಿಂಥೆಟಿಕ್ ಸೀಲಂಟ್ ಇನ್ನಷ್ಟು ದಿನ ಬರುತ್ತದೆ. ಸೆರಾಮಿಕ್ಕಿಗೆ ಐದು ವರ್ಷದ ಗ್ಯಾರಂಟಿ ಕಾರ್ಡು ಕೊಡುತ್ತಾರೆ. ಅಂಗಡಿಗೆ ಬಾಡಿಗೆ ಕರಾರು ಹನ್ನೊಂದು ತಿಂಗಳದ್ದು.

ಇನ್ನು ನೀರು. ಸಾವಿರ ಅಡಿ ದಾಟಿದ ಬೋರಿನ ಗಡಸು ನೀರು ಬಾನೆಟ್ ಮೇಲೆ ಒಣಗಿದರೆ ಬಿಳಿ ಉಂಗುರ ಉಳಿಯುತ್ತದೆ. ಅದು ಬಣ್ಣವನ್ನು ಕೊರೆದಿದ್ದರೆ ಯಾವ ಕ್ಲೇಗೂ ಬಗ್ಗೋಲ್ಲ. ಅದಕ್ಕೂ ಬುದ್ಧಿವಂತರು ಉಪಾಯ ಕಂಡುಕೊಂಡಿದ್ದಾರೆ. ಕೊನೆಯ ಸಲ ಜಾಲಿಸೋದಕ್ಕೆ ಆರ್‌ಒ ಕ್ಯಾನಿನ ನೀರು! ಫ್ಲೋರೈಡ್ ನೀರು ಕುಡಿದು ಹಲ್ಲು ಕಂದಾದ ಮಕ್ಕಳಿರುವ ಜಿಲ್ಲೆ ಇದು. ಆ ಹಲ್ಲುಗಳಿಗೆ ಯಾವ ಸ್ಟುಡಿಯೋದಲ್ಲೂ ಪ್ಯಾಕೇಜ್ ಇಲ್ಲ.

ಈ ಕಡೆಗೆ ಕುಡಿಯುವ ನೀರು ತರುತ್ತೇವೆಂದು 2014ರ ಮಾರ್ಚಿನಲ್ಲಿ ಎತ್ತಿನಹೊಳೆ ಯೋಜನೆಗೆ ಶಂಕುಸ್ಥಾಪನೆ ಮಾಡಿದ್ದು ಇದೇ ಚಿಕ್ಕಬಳ್ಳಾಪುರದಲ್ಲಿ. ಹತ್ತು ವರ್ಷ ಕಳೆದು, 2024ರ ಗೌರಿ ಹಬ್ಬದ ದಿನ ಪಂಪು ತಿರುಗಿದ್ದು ಸಕಲೇಶಪುರದಲ್ಲಿ. ನಡುವೆ ನಮ್ಮ ಕೆರೆಗಳಿಗೆ ಬಂದದ್ದು ಬೆಂಗಳೂರಿನ ಚರಂಡಿ ನೀರು, ಎರಡು ಹಂತ ಶುದ್ಧಿ ಮಾಡಿಸಿಕೊಂಡು. ಅದೇ ಬೆಂಗಳೂರು 2024ರ ಮಾರ್ಚಿನಲ್ಲಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದಿತು. ಇಲ್ಲಿ ಆ ಸಮಸ್ಯೆಯೇ ಇಲ್ಲ. ದಂಡ ಹಾಕೋದಕ್ಕೆ ಮೊದಲು ಕುಡಿಯುವ ನೀರು ಇರಬೇಕು.

ಧೂಳನ್ನು ಹುಟ್ಟಿದಲ್ಲೇ ಹಿಡಿಯೋದಕ್ಕೆ ನಿಯಮಗಳಿವೆ. ಕ್ರಷರಿಗೆ ನೀರು ಚಿಮುಕಿಸಬೇಕು, ಗಾಳಿಗೆ ಅಡ್ಡ ಗೋಡೆ ಕಟ್ಟಬೇಕು, ಸುತ್ತ ಗಿಡ ಬೆಳೆಸಬೇಕು. ಕ್ರಷರುಗಳಿಗೆಂದೇ ರಾಜ್ಯದಲ್ಲಿ 2011ರ ಕಾಯ್ದೆ ಇದೆ. ಆದರೂ 2021ರ ಫೆಬ್ರವರಿಯಲ್ಲಿ ನಮ್ಮ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ ಕಲ್ಲುಕ್ವಾರಿಯ ಜಿಲೆಟಿನ್ ಸಿಡಿದು ಆರು ಜನ ಸತ್ತರು. ಆಗ ಬಂದ ಸರ್ಕಾರಿ ಕಾರುಗಳ ಧೂಳು ಎಂದೋ ತೊಳೆದುಹೋಗಿದೆ.

ಎಲ್ಲದರ ಮೇಲೆ ಆಯುಧಪೂಜೆ. ಆ ಒಂದು ದಿನ ಕ್ರಷರ್ ನಿಲ್ಲುತ್ತದೆ. ಅದಕ್ಕೂ ಹಾರ, ಕಾರಿಗೂ ಹಾರ. ಸಾವಿರಾರು ಕೊಟ್ಟು ಕನ್ನಡಿ ಮಾಡಿಸಿದ ಬಾನೆಟ್ ಮೇಲೆ ಅರಿಶಿನ ಕುಂಕುಮ ಕಲಸಿ ಮೂರು ಬೆರಳಲ್ಲಿ ಎಳೆಯುತ್ತಾರೆ. ಅದರ ಮೇಲೆ ಹೋಳು ಮಾಡಿದ ನಿಂಬೆಹಣ್ಣು ಹಿಂಡುತ್ತಾರೆ. ಬಿಸಿಲಲ್ಲಿ ಮಧ್ಯಾಹ್ನದವರೆಗೆ ಹಾಗೇ ಬೇಯುತ್ತದೆ.

ಸ್ಟುಡಿಯೋದ ಓನರು ವಾರ ಮೊದಲೇ ವಾಟ್ಸ್ಯಾಪಿನಲ್ಲಿ ಶುಭಾಶಯ ಕಳಿಸಿರುತ್ತಾರೆ. ಕೆಳಗೆ ಒಂದು ಸಾಲು: ‘ಹಬ್ಬದ ಮಾರನೇ ದಿನ ಕುಂಕುಮದ ಕಲೆಗೆ ವಿಶೇಷ ರಿಯಾಯಿತಿ.’