ಬಣ್ಣದ ಮಾತು ಆಮೇಲೆ, ಹೆಗಡೇರೇ

ಹೆಗಡೇರೇ, ಬಣ್ಣ ಯಾವುದು ಅಂತ ಆಮೇಲೆ ಜಗಳ ಆಡುವಾ. ಮೊದಲು ಆ ರಬ್ಬರ್ ಮ್ಯಾಟ್ ಎತ್ತಿ. ಹಾಂ, ಪೂರ್ತಿ ಎತ್ತಿ. ಅಲ್ಯೂಮಿನಿಯಂ ಪಟ್ಟಿಗಳನ್ನೂ ಬಿಚ್ಚಿ. ಈಗ ಸ್ಕ್ರೂಡ್ರೈವರ್ ತಗೊಂಡು ಬ್ರೇಕ್ ಪೆಡಲಿನ ಪಕ್ಕ ಮೆಲ್ಲಗೆ ಒತ್ತಿ ನೋಡಿ. ಕಂಡಿತಾ? ನೀವು ತಗಡು ಅಂದುಕೊಂಡದ್ದು ಬರೀ ಪೇಂಟಿನ ಪೊರೆ. ಕಬ್ಬಿಣ ಯಾವತ್ತೋ ಪುಡಿಯಾಗಿ ಹೋಗಿದೆ.

ನಿಮ್ಮ ಅಪ್ಪಯ್ಯನ ಈ ಚೇತಕ್ ಸ್ಕೂಟರ್ ಕೊಟ್ಟಿಗೆಯಿಂದ ಹೊರಗೆ ಬಂದಾಗಿನಿಂದ ಈ ಬೇಲಿ ಹತ್ತಿರ ನಿಂತವರೆಲ್ಲ ಬಣ್ಣದ ಮಾತೇ ಆಡಿದ್ದಾರೆ. ಒಬ್ಬರಿಗೆ ಆಕಾಶನೀಲಿ ಬೇಕು, ಇನ್ನೊಬ್ಬರಿಗೆ ಹಸಿರು. ಸೀಟಿನ ರೆಕ್ಸಿನ್ ಬಗ್ಗೆ ಒಂದು ಸಭೆಯೇ ಆಯಿತು. ತುಕ್ಕಿನ ಸುದ್ದಿ ಎತ್ತಿದರೆ "ಅದಕ್ಕೇನು, ಉಜ್ಜಿದರೆ ಹೋಗ್ತದೆ" ಅಂತ ಒಂದೇ ಉತ್ತರ. ಬುಲೆಟ್ಟಿಗಾದರೆ ಆ ಮಾತು ಅಲ್ಪಸ್ವಲ್ಪ ಒಪ್ಪಬಹುದು. ಅದರ ಚಾಸಿಸ್ ಪೈಪಿನದು, ಮಡ್‌ಗಾರ್ಡ್ ತಿಂದುಹೋದರೆ ಇನ್ನೊಂದು ತಂದು ಬೋಲ್ಟ್ ಬಿಗಿದರೆ ಮುಗೀತು. ಲ್ಯಾಂಬ್ರೆಟ್ಟಾ ಕೂಡ ಹಾಗೇ. ಅದನ್ನು ಮಾಡಿದ ಮಿಲಾನಿನ ಇನ್ನೊಚೆಂಟಿ ಕಂಪನಿಯ ಮೂಲ ಕಸುಬೇ ಉಕ್ಕಿನ ಪೈಪು, ಸ್ಕೂಟರಿಗೂ ಪೈಪನ್ನೇ ಹಾಕಿದರು. ಚೇತಕ್ ಆ ಜಾತಿಯದಲ್ಲ ಮಾರಾಯ್ರೆ. ಇದರಲ್ಲಿ ಬಾಡಿ ಬೇರೆ, ಚಾಸಿಸ್ ಬೇರೆ ಅಂತ ಇಲ್ಲವೇ ಇಲ್ಲ.

ಇದರ ಮೂಲವಾದ ವೆಸ್ಪಾ ಸ್ಕೂಟರನ್ನು ರೂಪಿಸಿದ ಕೊರಾದೀನೊ ದಸ್ಕಾನಿಯೊ ವಿಮಾನದ ಎಂಜಿನಿಯರ್. ಮೋಟರ್‌ಸೈಕಲ್ ಕಂಡರೆ ಆಗದ ಮನುಷ್ಯ. ಯುದ್ಧ ಮುಗಿದು ಪಿಯಾಜ್ಜೊ ಕಂಪನಿಗೆ ವಿಮಾನ ಕಟ್ಟುವ ಕೆಲಸ ತಪ್ಪಿದಾಗ, 1946ರಲ್ಲಿ ಅವರು ಅಚ್ಚೊತ್ತಿದ ತಗಡುಗಳನ್ನೇ ಬೆಸೆದು, ಭಾರವನ್ನೆಲ್ಲ ಆ ಚಿಪ್ಪೇ ಹೊರುವ ಹಾಗೆ ಸ್ಕೂಟರ್ ಮಾಡಿದರು. 1971ರಲ್ಲಿ ಪಿಯಾಜ್ಜೊ ಜೊತೆಗಿನ, ಇಲ್ಲಿ ವೆಸ್ಪಾ ತಯಾರಿಸುವ ಒಪ್ಪಂದ ಮುಗಿದು, 1972ರಲ್ಲಿ ಬಜಾಜ್‌ನವರು ಚೇತಕ್ ತಂದರಲ್ಲ, ಅದರ ಹೆಸರಷ್ಟೇ ರಾಣಾ ಪ್ರತಾಪನ ಕುದುರೆಯದು; ಮೈಕಟ್ಟು ವೆಸ್ಪಾ ಸ್ಪ್ರಿಂಟಿನದೇ. ಹಾಗಾಗಿ ನೀವು ಕಾಲಿಡುವ ಈ ಫ್ಲೋರಿಗೆ ತೂತು ಬಿದ್ದರೆ ಬೆನ್ನುಮೂಳೆಗೇ ತೂತು ಬಿದ್ದ ಲೆಕ್ಕ.

ಕಾಣುವ ತುಕ್ಕಿಗೆ ನಾನು ಹೆದರುವುದಿಲ್ಲ. ಹೆಡ್‌ಲೈಟಿನ ಕೆಳಗೆ, ಹ್ಯಾಂಡಲ್ ಹತ್ತಿರ ಕೆಂಪಗೆ ಎದ್ದಿದೆಯಲ್ಲ, ಅದು ಒಂದು ಮಧ್ಯಾಹ್ನದ ಕೆಲಸ. ಕೇಡಿರುವುದು ಮ್ಯಾಟಿನ ಅಡಿ, ನಡುವೆ ಕೇಬಲ್ ಹಾಯುವ ಪೊಳ್ಳಿನೊಳಗೆ, ಸ್ಟ್ಯಾಂಡ್ ಬೋಲ್ಟ್ ಕೂರುವ ಜಾಗದಲ್ಲಿ. ಮುಂದಿನ ಚಕ್ರ ಕೆಸರು ಎರಚುವುದು ನೇರ ಅಲ್ಲಿಗೇ. ನಮ್ಮ ಕಡೆ ಜೂನ್‌ನಲ್ಲಿ ಮ್ಯಾಟಿನಡಿ ಹೊಕ್ಕ ನೀರು ದೀಪಾವಳಿ ತನಕ ಒಣಗುವುದಿಲ್ಲ. ಅಲ್ಯೂಮಿನಿಯಂ ಆದರೆ ಗಾಳಿ ತಾಗಿದ ಕೂಡಲೇ ತೆಳ್ಳಗೆ ಒಂದು ಪೊರೆ ಕಟ್ಟಿಕೊಂಡು ತನ್ನನ್ನು ತಾನೇ ಕಾಯ್ತದೆ. ಕಬ್ಬಿಣಕ್ಕೆ ಆ ಭಾಗ್ಯ ಇಲ್ಲ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಉಬ್ಬಿ ಹಕ್ಕಳೆ ಏಳುತ್ತದೆ, ಹಕ್ಕಳೆಯ ಸಂದಿಯಲ್ಲಿ ಮತ್ತೆ ನೀರು. ಕಾರವಾರ, ಉಡುಪಿ ಕಡೆಯ ಗಾಡಿಯಾದರೆ ಉಪ್ಪುಗಾಳಿ ಬೇರೆ.

ಏನಂದ್ರಿ? ಪಾಯಿಖಾನೆ ತೊಳೆಯೋ ಆಸಿಡ್? ಅಯ್ಯಯ್ಯೋ, ಅದನ್ನು ಗಾಡಿ ಹತ್ತಿರ ತರಲೇಬೇಡಿ. ತುಕ್ಕು ತಿನ್ನುವುದು ನಿಜ, ಕಣ್ಣೆದುರೇ ಬೆಳ್ಳಗೆ ಮಾಡಿಕೊಡ್ತದೆ. ಆದರೆ ತಗಡು ತಗಡು ಕೂಡುವ ಸಂದಿಗೆ ಇಳಿದ ಕ್ಲೋರೈಡನ್ನು ಎಷ್ಟು ತೊಳೆದರೂ ತೆಗೆಯಲಾಗದು. ಒಳಗಿಂದ ಮತ್ತೆ ತುಕ್ಕು ಬರಿಸ್ತದೆ. ಅದರ ಹೊಗೆಗೆ ಪಕ್ಕದಲ್ಲಿಟ್ಟ ಸ್ಪ್ಯಾನರುಗಳೂ ಕೆಂಪಾಗ್ತವೆ. ಬೇಕಾದ್ದು ಫಾಸ್ಫಾರಿಕ್ ಆಸಿಡ್. ಮೊದಲು ಗ್ರೈಂಡರಿಗೆ ವೈರ್ ಬ್ರಷ್ ಹಾಕಿ ಸಡಿಲ ತುಕ್ಕೆಲ್ಲ ಉದುರಿಸಿ. ಕಣ್ಣಿಗೆ ಕನ್ನಡಕ ಇರಲಿ, ಆ ತಂತಿ ಸೂಜಿಯ ಹಾಗೆ ಹಾರ್ತದೆ. ಆಮೇಲೆ ಆಸಿಡ್ ಬಳಿದರೆ ಗುಳಿಗಳಲ್ಲಿ ಉಳಿದ ತುಕ್ಕು ಕಪ್ಪು-ಬೂದು ಬಣ್ಣಕ್ಕೆ ತಿರುಗಿ ಕಬ್ಬಿಣದ ಫಾಸ್ಫೇಟ್ ಆಗ್ತದೆ. ತೊಳೆದು, ಪೂರ್ತಿ ಒಣಗಿಸಿಯೇ ಪ್ರೈಮರ್ ಹೊಡೀಬೇಕು. ಆಸಿಡ್ ಉಳಿದಲ್ಲಿ ಎಪಾಕ್ಸಿ ಪ್ರೈಮರ್ ಹಿಡಿಯುವುದಿಲ್ಲ, ಸಿಪ್ಪೆ ಸಿಪ್ಪೆಯಾಗಿ ಏಳ್ತದೆ. ಕೋಲಾದಲ್ಲೂ ಇದೇ ಆಸಿಡ್ ಚೂರು ಇದೆ ಅಂತ ನಿಮ್ಮ ಮಗ ಹೇಳಿದ್ದು ಸುಳ್ಳಲ್ಲ. ನಾಲ್ಕು ಬೋಲ್ಟ್ ನೆನೆಸಲಿಕ್ಕೆ ಸಾಕು, ಸ್ಕೂಟರಿಗಲ್ಲ.

ಇನ್ನೊಂದು ದಾರಿ ಟ್ಯಾನಿಕ್ ಆಸಿಡ್. ಅಂಗಡಿಯಲ್ಲಿ ರಸ್ಟ್ ಕನ್ವರ್ಟರ್ ಅಂತ ಸಿಗುವ ಕೆಲವು ಡಬ್ಬಿಗಳಲ್ಲಿ ಇರುವುದು ಅದೇ. ನಿಮಗೆ ಹೊಸತೇನಲ್ಲ ಬಿಡಿ. ಅಡಿಕೆ ಬೇಯಿಸಿದ ಚೊಗರು ತಾಗಿದ ಕತ್ತಿ ಕಪ್ಪಾಗುವುದನ್ನು ಹುಟ್ಟಿದಾಗಿನಿಂದ ನೋಡಿದ್ದೀರಿ. ಆ ಕಪ್ಪೇ ಕಬ್ಬಿಣ ಮತ್ತು ಟ್ಯಾನಿನ್ ಕೂಡಿದ್ದು. ಹಾಗಂತ ಚೊಗರನ್ನೇ ತಂದು ಬಳಿಯಬೇಡಿ, ಅತ್ತಿಗೆಯವರು ನನ್ನನ್ನು ಬೈತಾರೆ.

ಸ್ಯಾಂಡ್ ಬ್ಲಾಸ್ಟಿಂಗಾ? ಮಾಡಿಸಬಹುದು, ಮಾಡುವವನನ್ನು ನೋಡಿ ಮಾಡಿಸಬೇಕು. ಇದು ಒಂದು-ಒಂದೂವರೆ ಮಿಲಿಮೀಟರ್ ತಗಡು. ಗೇಟು, ಗ್ರಿಲ್ಲಿಗೆ ಹೊಡೆಯುವ ಜೋರಿನಲ್ಲಿ ಮರಳು ಹೊಡೆದರೆ ಅಗಲ ತಗಡೆಲ್ಲ ಅಲೆ ಅಲೆಯಾಗಿ ಬಾಗ್ತದೆ. ಒತ್ತಡ ಕಡಿಮೆ ಇಟ್ಟು ಗಾಜಿನ ಮಣಿಯೋ ಗಾರ್ನೆಟ್ ಪುಡಿಯೋ ಹೊಡೆಯುವವರು ಸಿಕ್ಕರೆ ಕೊಡಿ. ಅದೂ ಮಳೆ ಪೂರ್ತಿ ಬಿಟ್ಟ ಮೇಲೆ. ಬೆತ್ತಲೆ ಕಬ್ಬಿಣ ಈ ಥಂಡಿಯಲ್ಲಿ ರಾತ್ರಿ ಬೆಳಗಾಗುವುದರೊಳಗೆ ಕಿತ್ತಳೆ ಬಣ್ಣಕ್ಕೆ ಬರ್ತದೆ. ಬ್ಲಾಸ್ಟಿಂಗ್ ಆದ ದಿನವೇ ಪ್ರೈಮರ್ ಬೀಳಲೇಬೇಕು.

ತೂತಾದ ಜಾಗಕ್ಕೆ ಮಾತ್ರ ಯಾವ ಔಷಧಿಯೂ ಇಲ್ಲ. ಎಂ-ಸೀಲ್ ಮೆತ್ತುವುದು, ಮೇಲೆ ತಗಡಿನ ತೇಪೆ ಕೂರಿಸಿ ಪುಟ್ಟಿ ಎಳೆಯುವುದು, ಇವೆಲ್ಲ ಮಾರುವವರ ವಿದ್ಯೆ. ಗಟ್ಟಿ ಕಬ್ಬಿಣ ಸಿಗುವ ತನಕ ಕತ್ತರಿಸಿ ಹೊಸ ತಗಡು ಬೆಸೀಬೇಕು. ಕತ್ತರಿಸುವ ಮೊದಲು ಒಂದು ಕೆಲಸ ಮರೆಯಬೇಡಿ: ಹ್ಯಾಂಡಲ್ ಕಂಬದಿಂದ ಸೀಟಿನ ಬುಡದವರೆಗೆ ಒಂದು ಕಬ್ಬಿಣದ ಪೈಪನ್ನು ಅಡ್ಡಕ್ಕೆ ಟಾಕಾ ಹಾಕಿಸಿ. ಫ್ಲೋರ್ ತೆಗೆದ ಮೇಲೆ ಮುಂಭಾಗ ಹಿಂಭಾಗ ಹಿಡಿದಿಡುವುದು ಅದೊಂದೇ. ಹಾಕಿಸದೆ ಕತ್ತರಿಸಿದರೆ ಗಾಡಿ ನಡು ಬಾಗಿ, ಆಮೇಲೆ ಎರಡು ಚಕ್ರ ಒಂದೇ ಸಾಲಿಗೆ ಬರುವುದಿಲ್ಲ. ಗ್ಯಾಸ್ ವೆಲ್ಡಿಂಗಿನ ಶಾಖಕ್ಕೆ ತಗಡು ಸೊಟ್ಟ ಆಗ್ತದೆ, ಆರ್ಕ್ ಹೊಡೆದರೆ ತೂತೇ ದೊಡ್ಡದಾಗ್ತದೆ. ಸಿಒ2 ವೆಲ್ಡಿಂಗ್ ಇರುವಲ್ಲಿಗೇ ಒಯ್ಯಿರಿ, ಉದ್ದಕ್ಕೆ ಎಳೆಯದೆ ಚುಕ್ಕೆ ಚುಕ್ಕೆಯಾಗಿ ಹಾಕಲಿ.

ಪುಟ್ಟಿ ಬೇಡ ಅಂತ ನಾನು ಹೇಳುವುದಿಲ್ಲ. ಎಪಾಕ್ಸಿ ಪ್ರೈಮರಿನ ಮೇಲೆ ತೆಳ್ಳಗೆ ಬರಲಿ, ಅಷ್ಟೇ. ಬರೀ ತುಕ್ಕಿನ ಮೇಲೆ ಬಿದ್ದ ಪುಟ್ಟಿ ನೀರು ಕುಡಿದು ಒಂದೆರಡು ಮಳೆಗಾಲಕ್ಕೆ ಉಬ್ಬಿಕೊಳ್ತದೆ. ಎಲ್ಲ ಮುಗಿದ ಮೇಲೆ ನಡುವಿನ ಪೊಳ್ಳಿಗೆ ಸ್ಪ್ರೇ ನಳಿಗೆಯಿಂದ ಮೇಣದ ದ್ರಾವಣವನ್ನೋ ದಪ್ಪ ಎಣ್ಣೆಯನ್ನೋ ಹೊಡೆಸಿ. ಅಡಿಯ ನೀರು ಇಳಿಯುವ ತೂತುಗಳನ್ನು ಪೇಂಟರ್ ಚೆಂದಕ್ಕೆ ಅಂತ ಮುಚ್ಚಿರುತ್ತಾನೆ, ಬಿಡಿಸಿಕೊಳ್ಳಿ.

ವಿಂಟೇಜ್ ಅಂತ ಬೋರ್ಡ್ ಹಾಕಿಸುವ ಆಸೆ ನಿಮಗಿದೆ ಅಂತ ಕೇಳಿದೆ. 2021ರ ಕೇಂದ್ರ ನಿಯಮದ ಪ್ರಕಾರ ಗಾಡಿಗೆ 50 ವರ್ಷ ದಾಟಿರಬೇಕು. ನಿಮ್ಮದು 1978ರದ್ದು, 2028 ಆಗಲಿ. ಮೂಲ ರೂಪದಲ್ಲೇ ಇರಬೇಕು ಅಂತಲೂ ಅದರಲ್ಲಿದೆ. ಅಲ್ಲಿಯ ತನಕ ಐದು ವರ್ಷಕ್ಕೊಮ್ಮೆ ಆರ್‌ಸಿ ರಿನ್ಯೂ ಮಾಡಿಸುವುದು ಇದ್ದೇ ಇದೆ, ಆರ್‌ಟಿಒದಲ್ಲಿ ಕೇಳುವುದು ಮೊದಲು ಚಾಸಿಸ್ ನಂಬರನ್ನೇ. ಬೇರೆ ಚಾಸಿಸ್ ಇಲ್ಲದ ಈ ಗಾಡಿಯಲ್ಲಿ ಆ ನಂಬರ್ ಕುಟ್ಟಿರುವುದು ಬಾಡಿಯ ತಗಡಿನ ಮೇಲೇ. ಗ್ರೈಂಡರ್ ಅದರ ಮೇಲೆ ಹಾಯ್ದರೆ ಆಯಿತು, ಕಾಗದ ಇದ್ದೂ ಗಾಡಿ ಅನಾಥ. ನಾಳೆ ವರ್ಕ್‌ಶಾಪಿಗೆ ಕಳಿಸುವ ಮುಂಚೆ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದಿಟ್ಟುಕೊಳ್ಳಿ, ಮೇಲೆ ದಪ್ಪ ಟೇಪ್ ಅಂಟಿಸಿ, ಕೆಲಸದ ಹುಡುಗನಿಗೂ ಬಾಯಿಬಿಟ್ಟು ಹೇಳಿ ಬನ್ನಿ.