ಕರಟೋದ್ಯಮ

ಗುಬ್ಬಿಯಲ್ಲಿ ಹುಟ್ಟಿದವರಿಗೆ ಒಂದು ತೊಂದರೆ ಇದೆ. ಊರಿನ ಹೆಸರು ಹೇಳಿದ ತಕ್ಷಣ ಎದುರಿನವರು "ಓಹೋ, ವೀರಣ್ಣನವರ ಊರು!" ಅಂತಾರೆ. ಆಮೇಲೆ ನಮ್ಮನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿ ಸುಮ್ಮನಾಗ್ತಾರೆ. ಡ್ರಾಯಿಂಗ್ ಮೇಷ್ಟ್ರಾಗಿದ್ದಷ್ಟೂ ಕಾಲ ಆ ನೋಟವನ್ನು ಸಹಿಸಿಕೊಂಡೆ. ರಿಟೈರಾಗಿ ತುಮಕೂರಿನ ಮನೆಯಲ್ಲಿ ಕೂತ ಮೇಲೆ ತಡೆಯೋಕಾಗಲಿಲ್ಲ.

ನೀವೇ ಹೇಳಿ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಕಂಪನಿಗೆ ಆ ಮನುಷ್ಯ ಬಾಲನಟನಾಗಿ ಸೇರಿದರು. 1917ರಲ್ಲಿ ಕಂಪನಿಗೇ ಮಾಲೀಕರಾದರು. 'ಕುರುಕ್ಷೇತ್ರ'ಕ್ಕೆ ರಂಗದ ಮೇಲೆ ನಿಜವಾದ ಆನೆ ಕುದುರೆ ನಡೆಸಿದರು, 'ಸದಾರಮೆ'ಯ ಕಳ್ಳನಾಗಿ ಊರೂರನ್ನು ನಗಿಸಿದರು. ರಾಜಕುಮಾರ್, ಜಿ.ವಿ. ಅಯ್ಯರ್, ನರಸಿಂಹರಾಜು ಎಲ್ಲರೂ ಆ ಕಂಪನಿಯ ಅನ್ನ ಉಂಡವರೇ. ಕೊನೆಗೆ 1972ರಲ್ಲಿ ಪದ್ಮಶ್ರೀ. ಅದೇ ಗುಬ್ಬಿಯ ನೀರು ಕುಡಿದ ನಾನು ಬೆಳಗ್ಗೆ ಎದ್ದು ಹಾಲಿನ ಪ್ಯಾಕೆಟ್ ತಂದು, ಪೇಪರ್ ಓದಿ, ಮತ್ತೆ ಮಲಗುವುದೇ? ಅವರ ಆತ್ಮಕಥೆಯ ಹೆಸರು 'ಕಲೆಯೇ ಕಾಯಕ'. ನನಗೆ ಆ ಹೆಸರೇ ಸಾಕಾಯಿತು. ಒಳಗಿನ ಪುಟ ತಿರುವಲಿಲ್ಲ. ವ್ಯಾಪಾರ ಶುರು ಮಾಡೋ ಮುಂಚೆ ಜಾಸ್ತಿ ಓದಬಾರದು, ಉತ್ಸಾಹ ಕೆಡುತ್ತೆ.

"ಅವರು ಸ್ಟೇಜಿಗೆ ಆನೆ ತಂದ್ರು," ಅಂದಳು ನನ್ನ ಹೆಂಡತಿ. "ನಿಮಗೆ ಅಂತರಸನಹಳ್ಳಿ ಮಾರ್ಕೆಟ್ಟಿಂದ ಹುಳ ಇಲ್ಲದ ಬದನೆಕಾಯಿ ತರೋಕಾಗಲ್ಲ."

ಇದನ್ನು ನಾನು ಪ್ರೋತ್ಸಾಹ ಅಂತಲೇ ತಗೊಂಡೆ. ನಿಮ್ಮ ಮನೇಲೂ ಪ್ರೋತ್ಸಾಹ ಇದೇ ಧಾಟೀಲಿ ಬರುತ್ತೆ ಅಂತ ನನಗೆ ಗೊತ್ತು.

ಏನು ಮಾಡೋದು ಅನ್ನುವುದು ಒಂದೇ ರಾತ್ರಿಯಲ್ಲಿ ಹೊಳೆಯಿತು. ಕರಟ! ತೆಂಗಿನ ಸೀಮೆಯವರು ನಾವು. ಅತ್ತ ತಿಪಟೂರು, ಇತ್ತ ಗುಬ್ಬಿ, ಎಲ್ಲಿ ನೋಡಿದರೂ ತೋಟ. ಕರಟದಿಂದ ಬಟ್ಟಲು, ದೀಪ, ಹೂದಾನಿ, ಗಣಪತಿ ಮಾಡೋದು. ಕಚ್ಚಾಮಾಲು ಪುಕ್ಕಟೆ, ಕಲೆ ನನ್ನದು, ಲಾಭ ನೂರಕ್ಕೆ ನೂರು. ಲೆಕ್ಕವನ್ನು ಕ್ಯಾಲೆಂಡರ್ ಹಿಂದೆ ಬರೆದು ಗೋಡೆಗೆ ನೇತುಹಾಕಿದೆ.

ಮರುದಿನವೇ ಗುಬ್ಬಿ ಬಸ್ ಹತ್ತಿ ಚಿಕ್ಕಪ್ಪನ ಮಗನ ತೋಟಕ್ಕೆ ಹೋದೆ. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗಿದ ಕಾಯಿಯನ್ನು ಸುಲಿದು, ಒಡೆದು, ಕೊಬ್ಬರಿ ತೆಗೀತಿದ್ದರು. ಅಂಗಳದ ತುಂಬ ಕರಟದ ರಾಶಿ. ನನ್ನ ಕಣ್ಣು ತುಂಬಿ ಬಂತು. ಹತ್ತಿರ ಹೋಗಿ ನೋಡಿದರೆ ಒಂದೂ ಇಡಿ ಇಲ್ಲ, ಬರೀ ಚೂರು. ಉಂಡೆ ಕೊಬ್ಬರಿ ಇಡಿಯಾಗಿ ಹೊರಗೆ ಬರಬೇಕಾದರೆ ಕರಟವನ್ನು ಸುತ್ತ ಕುಟ್ಟಿ ಚೂರು ಮಾಡಲೇಬೇಕು. ಇದು ಸೀಮೆಯ ಮಗುವಿಗೂ ಗೊತ್ತು. ಡ್ರಾಯಿಂಗ್ ಮೇಷ್ಟ್ರಿಗೆ ಗೊತ್ತಿರಲಿಲ್ಲ.

"ಹೋಗ್ಲಿ, ಈ ಚೂರೇ ಒಂದೆರಡು ಮೂಟೆ ಹಾಕ್ಸು ಕಣಪ್ಪ," ಅಂದೆ ಉದಾರವಾಗಿ.

"ಹಾಕ್ಸೋಣ ಅಣ್ಣ. ಆದ್ರೆ ಇದ್ದಿಲಿನ ಫ್ಯಾಕ್ಟರಿಯೋರು ತೂಕಕ್ಕೆ ದುಡ್ಡು ಕೊಟ್ಟು ಒಯ್ತಾರೆ. ನೀನು ಅಣ್ಣ ಅಂತ ಒಂದು ಚೀಲ ಹಂಗೇ ಕೊಡ್ತೀನಿ. ಮಿಕ್ಕಿದ್ದಕ್ಕೆ ಅವರ ರೇಟೇ ಕೊಡು, ಸಾಕು."

2025ನೇ ಇಸವಿ ಅದು. ತಿಪಟೂರು ಮಾರುಕಟ್ಟೆಯಲ್ಲಿ ಕೊಬ್ಬರಿ ಕ್ವಿಂಟಲಿಗೆ 20 ಸಾವಿರ ದಾಟಿತ್ತು. ತೋಟದವರ ಕಣ್ಣಿಗೆ ಕರಟವೂ ಬಂಗಾರದಂತೆ ಕಾಣುವ ಕಾಲದಲ್ಲಿ ನಾನು ಪುಕ್ಕಟೆ ಕಚ್ಚಾಮಾಲಿನ ಉದ್ಯಮ ತೆಗೆದಿದ್ದೆ. ಒಂದು ಚೀಲ ಚೂರಿಗೆ ಬಸ್ಸಿನಲ್ಲಿ ಲಗೇಜ್ ಟಿಕೆಟ್ ಬೇರೆ. ಮನೆಗೆ ತಂದು ಸುರಿದಾಗ ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. "ಜನಕ್ಕೆ ಬೇರೆಯವರು ಮೋಸ ಮಾಡಿ ಕೈಗೆ ಚಿಪ್ಪು ಕೊಡ್ತಾರೆ. ನೀವು ಚಾರ್ಜು ಕೊಟ್ಟು ಹೋಗಿ ಇಸ್ಕೊಂಡು ಬಂದ್ರಲ್ಲ."

ಹಾಗಾಗಿ ಇಡೀ ಕರಟಕ್ಕೆ ನಮ್ಮ ಅಡುಗೆಮನೆಯೇ ಗತಿಯಾಯಿತು. ತಯಾರಿಕೆಯ ನಿಯಮ ಮಾಡಿದೆ: ಇನ್ನು ಮುಂದೆ ಈ ಮನೇಲಿ ಯಾರೂ ಮಚ್ಚಿನಲ್ಲಿ ಕಾಯಿ ಒಡೆಯಕೂಡದು. ನಾನು ಪೆನ್ಸಿಲಿನಲ್ಲಿ ನಡುಗೆರೆ ಹಾಕಿ, ಆಕ್ಸಾ ಬ್ಲೇಡಿನಲ್ಲಿ ಕುಯ್ದು ಕೊಡಬೇಕು. ಬಸ್ಸಾರಿಗೆ ಖಾರ ರುಬ್ಬೋಕೆ ಮಿಕ್ಸಿ ತೆರೆದು ಹೆಂಡತಿ ಕಾಯ್ತಿದ್ದಾಳೆ. ನಾನು ಹಜಾರದಲ್ಲಿ ಕಾಯಿಯನ್ನು ತೊಡೆ ನಡುವೆ ಇಟ್ಟುಕೊಂಡು ಗೆರೆ ನೇರ ಇದೆಯೋ ಇಲ್ಲವೋ ಅಂತ ಒಂದು ಕಣ್ಣು ಮುಚ್ಚಿ ನೋಡ್ತಿದ್ದೇನೆ. ಬ್ಲೇಡು ಜಾರಿ ಕಾಯಿನೀರು ಪಂಚೆಗೆ. ಮುದ್ದೆ ತಣ್ಣಗಾಗಿ ಕಲ್ಲಾಗುವ ಹೊತ್ತಿಗೆ ಸಾರು ಇಳಿಯುತ್ತಿತ್ತು. ಇನ್ನೊಂದು ಸಂಗತಿ: ಒಂದು ದೀಪಕ್ಕೆ ಎರಡು ಕಾಯಿ ಬೇಕು, ಎರಡು ಕಾಯಿ ಒಡೆದರೆ ಅದರ ತಿರುಳನ್ನು ತಿನ್ನಲೇಬೇಕು. ಬೆಳಗ್ಗೆ ಚಟ್ನಿ, ಮಧ್ಯಾಹ್ನ ಪಲ್ಯಕ್ಕೆ ಮಣಗಟ್ಟಲೆ ತುರಿ, ರಾತ್ರಿ ಕಾಯಿಹಾಲು. ಕಾಯಿ ಕೆ.ಜಿ.ಗೆ 60 ದಾಟಿದ್ದ ವರ್ಷದಲ್ಲಿ ಇಡೀ ತುಮಕೂರು ಚಟ್ನಿಗೆ ಕಡಲೆ ಹೆಚ್ಚು ಮಾಡಿದಾಗ ನಾವು ಮಾತ್ರ ರಾಜರ ಹಾಗೆ ಉಂಡೆವು. ಪಿಂಚಣಿ ಅಷ್ಟಕ್ಕೇ ಸರಿಹೋಯಿತು.

ಕುಯ್ದ ಮೇಲೆ ಉಜ್ಜಬೇಕು. ಮೊದಲು ದಪ್ಪ ಸ್ಯಾಂಡ್ ಪೇಪರ್, ಆಮೇಲೆ ನಯವಾದದ್ದು, ಅದಾದ ಮೇಲೆ ಇನ್ನೂ ನಯವಾದದ್ದು, ಕೊನೆಗೆ ಪಾಲಿಶ್. ಉಜ್ಜಿದ ಕರಟದ ಪುಡಿ ಕಾಫಿಪುಡಿಯಷ್ಟೇ ನಯ, ಬಣ್ಣವೂ ಅದೇ. ಅದು ನೀರಿನ ಫಿಲ್ಟರ್ ಮೇಲೆ, ಟಿವಿ ಮೇಲೆ, ಒಗೆದು ಹಾಕಿದ ಬಿಳಿ ಶರಟಿನ ಮೇಲೆ ಕೂತಿತು. ಮೇಲಿನ ಮನೆಯವರು ಕೇಳಿಸುವ ಹಾಗೆ ಕೆಮ್ಮಿದರು. ಗ್ರೈಂಡರ್ ಮಿಷನ್ ತಂದ ಮೇಲೆ ಧಾರಾವಾಹಿಯ ಸೊಸೆ ಏನಂದಳು ಅನ್ನೋದು ಬೀದಿಯಲ್ಲಿ ಯಾರಿಗೂ ಕೇಳಿಸದೆ, ಅಕ್ಕಪಕ್ಕದವರೆಲ್ಲ ನನ್ನ ಜೊತೆ ಮಾತು ಬಿಟ್ಟರು.

ಇರಲಿ, ಕಾನೂನಿನ ಪ್ರಕಾರ ಉದ್ಯಮಿ ಆಗೋಣ ಅಂತ 'ಉದ್ಯಮ್' ನೋಂದಣಿಗೆ ಹೋದೆ. 2020ರ ಜುಲೈ 1ರಿಂದ ಇರುವ ವ್ಯವಸ್ಥೆ. ಆಧಾರ್, ಪ್ಯಾನ್ ಇದ್ದರೆ ಮನೆಯಲ್ಲೇ ಕೂತು ಬಿಟ್ಟಿಯಾಗಿ ಮಾಡಿಕೊಳ್ಳಬಹುದು. ನಾನು ಒಂದು ಸೈಬರ್ ಸೆಂಟರಿನ ಹುಡುಗನಿಗೆ ದುಡ್ಡು ಕೊಟ್ಟು ಮಾಡಿಸಿದೆ, ಯಾಕೆಂದರೆ ಅವನು ನನ್ನನ್ನು "ಸಾರ್" ಅಂದಿದ್ದ. ಸರ್ಟಿಫಿಕೇಟು ಬಂತು, ನನ್ನದು 'ಸೂಕ್ಷ್ಮ ಉದ್ಯಮ' ಅಂತ. ಅದಕ್ಕೆ ಕಟ್ಟು ಹಾಕಿಸಿ, ತುಮಕೂರಿನ ಎಲ್ಲ ಮನೆಗಳಲ್ಲಿರುವಂತೆ ನಮ್ಮಲ್ಲೂ ಇರುವ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳ ಫೋಟೊ ಪಕ್ಕ, ಎರಡಂಗುಲ ಕೆಳಗೆ ತೂಗುಹಾಕಿದೆ.

"ಸೂಕ್ಷ್ಮ ಅಂದ್ರೆ ಏನ್ರೀ?"

"ಹೂಡಿಕೆ ಎರಡೂವರೆ ಕೋಟಿ, ವಹಿವಾಟು ಹತ್ತು ಕೋಟಿ ಮೀರದೇ ಇದ್ರೆ ಸೂಕ್ಷ್ಮ."

"ಮೀರಿದ್ರೆ?"

"ಸಣ್ಣ ಉದ್ಯಮ."

"ಹುಷಾರು ಮತ್ತೆ, ಮೀರೀತು," ಅಂತ ಹೇಳಿ ಒಳಗೆ ಹೋದಳು.

ಮೊದಲ ಆರ್ಡರ್ ಬಂದದ್ದು ಕುಣಿಗಲ್ಲಿನಿಂದ. ನನ್ನ ಭಾಮೈದ ಕುದುರೆ ಫಾರಂ ಕಡೆ ಹೊಸ ಮನೆ ಕಟ್ಟಿಸಿದ್ದ. "ಭಾವ, ಗೃಹಪ್ರವೇಶಕ್ಕೆ ಹತ್ತು ದೀಪ ಬೇಕು" ಅಂದ. ಹತ್ತು! ರಾತ್ರಿಯೆಲ್ಲ ಕೂತು ಬೆಲೆ ಲೆಕ್ಕ ಹಾಕಿದೆ. ಕಾಯಿ ಇಷ್ಟು, ಪಾಲಿಶ್ ಇಷ್ಟು, ಅಂಟು, ಬಲ್ಬು, ಹೋಲ್ಡರು ಇಷ್ಟು. ನನ್ನ ಕೂಲಿ ಎಷ್ಟು ಅನ್ನುವಲ್ಲಿ ಪೆನ್ನು ನಿಂತಿತು. ಮೇಷ್ಟ್ರ ಸಂಬಳದ ಲೆಕ್ಕ ಹಿಡಿದರೆ ದೀಪವೊಂದಕ್ಕೆ ಆರು ಸಾವಿರ ಬರುತ್ತಿತ್ತು. ಗಾರೆ ಕೆಲಸದ ಕೂಲಿ ಹಿಡಿದರೆ ಮೂರು ಸಾವಿರ. ನನ್ನ ಹೆಂಡತಿ ಸಂಸಾರಕ್ಕೆ ಇಷ್ಟು ವರ್ಷ ತಗೊಂಡ ಕೂಲಿ ಹಿಡಿದರೆ ಸೊನ್ನೆ. ಕೊನೆಗೆ 850 ಅಂತ ಚೀಟಿ ಅಂಟಿಸಿದೆ. ಬೀಗರ ಮನೆ ನೋಡಿ, ಕುಣಿಗಲ್ ಬಸ್ಸಿನಲ್ಲೇ ಆ ಚೀಟಿಗಳನ್ನು ಉಗುರಿನಲ್ಲಿ ಕೆರೆದು ತೆಗೆದುಬಿಟ್ಟೆ. ಕೇಳಿದಾಗ ಬಾಯಲ್ಲಿ ಹೇಳೋಣ ಅಂತ.

ಯಾರೂ ಕೇಳಲಿಲ್ಲ. ಗೃಹಪ್ರವೇಶದ ದಿನ ಬೆಳಗಿನ ಜಾವ, ದೀಪ ಅಂದರೆ ದೀಪವೇ ಅಂದುಕೊಂಡ ನಮ್ಮ ಅತ್ತೆಯವರು ಬಲ್ಬು ಕಿತ್ತು ಪಕ್ಕಕ್ಕಿಟ್ಟು, ಎಣ್ಣೆ ಹುಯ್ದು, ಬತ್ತಿ ಹೊಸೆದು ಹಚ್ಚಿಬಿಟ್ಟರು. ಕರಟ ಉರಿಯುವುದರಲ್ಲಿ ಎಷ್ಟು ಜಾಣ ಅಂತ ಇದ್ದಿಲು ಫ್ಯಾಕ್ಟರಿಯವರಿಗೆ ಗೊತ್ತು. ಮೇಲೆ ಎರಡು ಕೋಟ್ ಪಾಲಿಶ್ ಬೇರೆ. ಹೊಸ ಬಾಗಿಲ ಪಕ್ಕ ಭುಗ್ ಅಂತ ಎದ್ದ ಜ್ವಾಲೆಗೆ ಪುರೋಹಿತರು ಮಂತ್ರ ನಿಲ್ಲಿಸಿದರು. ಬಕೆಟ್ ನೀರು ಬಂತು. ಎಲ್ಲ ಆರಿದ ಮೇಲೆ ಅತ್ತೆ ನನ್ನನ್ನು ಸಮಾಧಾನ ಮಾಡಿದರು: "ಬೇಜಾರ್ ಮಾಡ್ಕೋಬೇಡಿ ಅಳಿಯಂದ್ರೆ, ಹೊಸ ಮನೇಲಿ ಅಗ್ನಿ ಆಗೋದು ಒಳ್ಳೇದೇ." ಹೊರಡುವಾಗ ತಾಂಬೂಲದ ಜೊತೆ ಒಂದು ಶರ್ಟ್ ಪೀಸ್ ಕೊಟ್ಟರು. ನನ್ನ ಲೆಕ್ಕದ ಪುಸ್ತಕದಲ್ಲಿ ಆ ಆರ್ಡರಿನ ಮುಂದೆ 'ಜಮಾ: ಶರ್ಟ್ ಪೀಸ್ 1' ಅಂತಿದೆ. ಹೊಲಿಸುವ ಕೂಲಿ ನನ್ನದೇ. ಬಸ್ಸಿಗೆ ಇನ್ನೂ ಹೊತ್ತಿತ್ತು ಅಂತ ಕುಣಿಗಲ್ ದೊಡ್ಡಕೆರೆ ಏರಿ ಮೇಲೆ ಹೋಗಿ ಕೂತೆ. ಆ ಕೆರೆಯ ಮೇಲೆ ನಾಡೆಲ್ಲ ಹಾಡು ಹಾಡುತ್ತೆ. ನನಗೆ ಮಾತ್ರ ಸುಟ್ಟ ವಾಸನೆಯೇ ಬರುತ್ತಿತ್ತು, ಶರಟಿನ ತೋಳಿನಿಂದ.

ಬೆಂಗಳೂರಿನ ಮಗಳು ಇನ್‌ಸ್ಟಾಗ್ರಾಮ್ ಪುಟ ಮಾಡಿಕೊಟ್ಟಳು. ಅಲ್ಲಿ ಜನ "ಪ್ರೈಸ್ ಪ್ಲೀಸ್" ಅಂತ ಕೇಳಿ, ಹೇಳಿದ ಮೇಲೆ ಸತ್ತರೋ ಬದುಕಿದರೋ ತಿಳಿಯದ ಹಾಗೆ ಮಾಯವಾಗುತ್ತಾರೆ. ಅದರ ಬಗ್ಗೆ ಇಷ್ಟು ಸಾಕು.

ನಮ್ಮ ಸೀಮೆಯ ಒಂದು ಜಾತ್ರೆಯದೇ ಹೇಳಬೇಕು. ದನಗಳ ಜಾತ್ರೆ, ವಸ್ತುಪ್ರದರ್ಶನ, ಜನವೋ ಜನ. ಮಳಿಗೆ ಹಿಡಿಯುವಷ್ಟು ಗಂಟಿರಲಿಲ್ಲವಾಗಿ ದಾರಿ ಬದಿಯಲ್ಲಿ ಚಾಪೆ ಹಾಸಿ ಕೂತೆ. ಕಲಾವಿದ ಅಂತ ಕಾಣಲಿ ಅಂತ ಗಡ್ಡ ಬಿಟ್ಟಿದ್ದೆ, ಖಾದಿ ಜುಬ್ಬ, ಹೆಗಲಿಗೊಂದು ಶಾಲು. ಬೇಕಂತಲೇ ಸ್ವಲ್ಪ ಮಾಸಿದ್ದು, ಕಲಾವಿದರದು ಹಾಗಿರುತ್ತೆ. ಬಟ್ಟಲಿನ ಹೊಳಪು ಬಿಸಿಲಿಗೆ ಹೇಗೆ ಕಾಣುತ್ತೆ ಅಂತ ತೋರಿಸೋಕೆ ಒಂದನ್ನು ಕೈಯಲ್ಲಿ ಮುಂದೆ ಚಾಚಿ ಹಿಡಿದೆ. ದೂರದೂರಿನವರಿರಬೇಕು, ಒಬ್ಬ ಅಜ್ಜಿ ಬಂದು ನನ್ನ ಮುಖ ನೋಡಿ, ಲೊಚಗುಟ್ಟಿ, ಬಟ್ಟಲಿಗೆ ಹತ್ತು ರೂಪಾಯಿ ನಾಣ್ಯ ಹಾಕಿ ಕೈ ಮುಗಿದು ಹೋದರು. ಕೂಗಿ ಕರೆಯೋಣ ಅಂದುಕೊಂಡೆ. ಅಷ್ಟರಲ್ಲಿ ಅವರ ಹಿಂದಿದ್ದವರೂ ಹಾಕಿದರು. ಹೆಂಡತಿ ಪಕ್ಕದಲ್ಲಿ ಕೂತು ಸೆರಗು ಬಾಯಿಗಿಟ್ಟುಕೊಂಡು ಅಲುಗಾಡುತ್ತಿದ್ದಳು. ಅಳುತ್ತಿದ್ದಾಳೆ ಅಂತ ತಿಳಿದು ಇನ್ನೊಬ್ಬರು ಇಪ್ಪತ್ತು ಹಾಕಿದರು. ಬಟ್ಟಲು ಒಂದೂ ಮಾರಾಟವಾಗಲಿಲ್ಲ. ಆದರೂ ಉದ್ಯಮ ಶುರುವಾದಾಗಿನಿಂದ ಅಷ್ಟು ನಗದು ಕಂಡದ್ದು ಅವತ್ತೇ.

ಡಿಜಿಟಲ್ ಹಣಕ್ಕೂ ವ್ಯವಸ್ಥೆ ಇತ್ತು. ದುಡ್ಡು ಬಂದರೆ ಕೂಗಿ ಹೇಳುವ ಡಬ್ಬಿ, ತಿಂಗಳ ಬಾಡಿಗೆಯದು. ಅದು ಬಾಯಿ ಬಿಡದೇ ಇದ್ದಾಗ ಕೆಟ್ಟಿರಬೇಕು ಅಂತ ನಾನೇ ನನ್ನ ಹೆಂಡತಿಯ ಫೋನಿನಿಂದ ಒಂದು ರೂಪಾಯಿ ಹಾಕಿ ನೋಡುತ್ತಿದ್ದೆ. ಚೆನ್ನಾಗೇ ಇತ್ತು. 2025ರ ಜುಲೈ ನಿಮಗೆ ನೆನಪಿರಬಹುದು. ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸಿತ್ತು. ವರ್ಷಕ್ಕೆ 40 ಲಕ್ಷ ದಾಟಿದ ಸರಕಿನವರು ನೋಂದಣಿ ಮಾಡಿಸಬೇಕು ಅಂತ. ಬೇಕರಿ, ತರಕಾರಿ, ಹಾಲಿನಂಗಡಿಯವರೆಲ್ಲ ಗಾಬರಿಯಾಗಿ ಕ್ಯೂಆರ್ ಕೋಡ್ ಕಿತ್ತು 'ಕ್ಯಾಶ್ ಮಾತ್ರ' ಅಂತ ಬೋರ್ಡು ಹಾಕಿದರು. ನಾನು ನನ್ನ ಕ್ಯೂಆರ್ ಕೋಡನ್ನು ದೊಡ್ಡದು ಮಾಡಿಸಿ ಗೇಟಿಗೆ ಕಟ್ಟಿದೆ. ನೋಟಿಸ್ ಬಂದರೆ ಬೀದಿಯಲ್ಲಿ ಎಷ್ಟು ಮರ್ಯಾದೆ! ಪೋಸ್ಟ್‌ಮ್ಯಾನ್ ಬಂದಾಗಲೆಲ್ಲ ಎದ್ದು ನಿಲ್ಲುತ್ತಿದ್ದೆ. ಕರೆಂಟ್ ಬಿಲ್ ಬಂತು, ಗ್ರೈಂಡರಿನದು.

ಇಷ್ಟರಲ್ಲಿ ಅಡುಗೆಮನೆಯಲ್ಲಿ ಬೇರೆ ಏನೋ ನಡೆಯುತ್ತಿತ್ತು. ಮಿಕ್ಕ ಕಾಯಿಯನ್ನು ಏನು ಮಾಡೋದು ಅಂತ ತಲೆಕೆಟ್ಟ ಹೆಂಡತಿ ಕೊಬ್ಬರಿ ಮಿಠಾಯಿ ಮಾಡತೊಡಗಿದ್ದಳು. ನನ್ನ ಬಟ್ಟಲಿಗೆ ಒಂದು ಉಪಯೋಗ ತೋರಿಸಿದಂತಾಗಲಿ ಅಂತ ನಾನೇ ಅದರಲ್ಲಿ ಎಂಟೆಂಟು ತುಂಡು ಇಟ್ಟು ಅಲಂಕಾರ ಮಾಡಿದೆ. ಬಟ್ಟಲು ಮಿಠಾಯಿ ಸೇರಿ ಮುನ್ನೂರು. ಕೆಮ್ಮುತ್ತಿದ್ದ ಮೇಲಿನ ಮನೆಯವರು ಇಳಿದು ಬಂದರು, ಒಂದು ತುಂಡು ಬಾಯಿಗೆ ಹಾಕಿಕೊಂಡರು, ಕಣ್ಣು ಮುಚ್ಚಿದರು. "ಮಿಠಾಯಿ ಅರ್ಧ ಕೆ.ಜಿ. ಕೊಡಿ. ಈ ಚಿಪ್ಪು ಬೇಡ, ಕವರಿಗೇ ಹಾಕಿ. ಚಿಪ್ಪಿನ ದುಡ್ಡು ಕಳೀರಿ." ದೀಪಾವಳಿ ಹೊತ್ತಿಗೆ ಬೀದಿಯೆಲ್ಲ ಆರ್ಡರ್. ಬಾಡಿಗೆ ಡಬ್ಬಿಗೆ ಬಾಯಿ ಬಂದು ಊಟದ ಹೊತ್ತಿನಲ್ಲೂ ಕೂಗಿತು. ವರ್ಷಕ್ಕೆ ನೂರು ರೂಪಾಯಿ ಕಟ್ಟಿ ಅವಳ ಹೆಸರಲ್ಲಿ ಎಫ್‌ಎಸ್‌ಎಸ್‌ಎಐ ನೋಂದಣಿಯೂ ಆಯಿತು. ಆ ಕಾಗದವನ್ನು ತೂಗುಹಾಕೋಕೆ ಬೇರೆ ಮೊಳೆ ಹೊಡೆಯಲಿಲ್ಲ. ನನ್ನ ಕಟ್ಟಿನ ಗಾಜು ಬಿಚ್ಚಿ, ನನ್ನದರ ಮೇಲೆಯೇ ಇಟ್ಟಳು. ನನಗೂ ಹುದ್ದೆ ಕೊಟ್ಟಿದ್ದಾಳೆ, ತುರಿಮಣೆ ವಿಭಾಗ. ಕಾಯಿಯನ್ನು ಮಚ್ಚಿನಲ್ಲಿ ಒಡೆಯೋಕೆ ಅಪ್ಪಣೆ ಆಗಿದೆ.

ಉಳಿದದ್ದು ಮಹಡಿ ಮೆಟ್ಟಿಲ ಕೆಳಗೆ ಪೇರಿಸಿಟ್ಟ ನನ್ನ ಕಲಾಕೃತಿಗಳು. ಸಕ್ಕರೆ ಮೂಟೆ ಇಡೋಕೆ ಜಾಗ ಬೇಕು ಅಂತ ಕಳೆದ ವಾರ ಅವಳು ಮೂಲೆಯ ಇಸ್ತ್ರಿ ಅಂಗಡಿಯವನನ್ನು ಕರೆಸಿದಳು. ಅವನು ಒಂದು ಬಟ್ಟಲು ಎತ್ತಿ ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದ. ನಾನು ತುರಿಯೋದು ನಿಲ್ಲಿಸಿ ಎದೆಯುಬ್ಬಿಸಿದೆ. ನನ್ನ ಕೆಲಸವನ್ನು ಅಷ್ಟು ಹೊತ್ತು ನೋಡಿದವರು ಅವನೊಬ್ಬನೇ.

"ಕರಟ ಒಳ್ಳೇದಿದೆ ಅಮ್ಮ, ಕೆಂಡ ಚೆನ್ನಾಗಿ ನಿಲ್ಲುತ್ತೆ. ಆದ್ರೆ ಪಾಲಿಶ್ ಹಾಕ್ಬಿಟ್ಟಿದಾರಲ್ಲ, ಹೊಗೆ ಬರುತ್ತೆ, ಬಟ್ಟೆ ವಾಸನೆ ಹಿಡಿಯುತ್ತೆ. ಉಜ್ಜಿ ತೆಗೆದು ಕೊಡೋದಾದ್ರೆ ಕೆ.ಜಿ. ಲೆಕ್ಕದಲ್ಲಿ ತಗೋತೀನಿ."

ಹೆಂಡತಿ ನನ್ನ ಕಡೆ ತಿರುಗಿದಳು. ದಪ್ಪ ಸ್ಯಾಂಡ್ ಪೇಪರ್ ಮುಗಿದಿದೆ, ನಾಳೆ ಮಂಡಿಪೇಟೆಗೆ ಹೋಗಿ ತರಬೇಕು.