ಹೆಚ್ಚುವರಿ ಸಾಕೆಟ್: ಬೆಜವಾಡದ ಗೃಹಸ್ಥರಿಗೊಂದು ಕೈಪಿಡಿ

ಹಂತ 1. ಮುಹೂರ್ತ. ಸಾಕೆಟ್ ಸಾಲದು ಎಂಬ ಜ್ಞಾನೋದಯ ಮನೆ ಕಟ್ಟಿಸುವಾಗ ಆಗಕೂಡದು. ಇಂಡಕ್ಷನ್ ಒಲೆ ಮನೆಗೆ ಬಂದ ಸಂಜೆಯೇ ಆಗಬೇಕು. ಮೇ ತಿಂಗಳಾದರೆ ಬಹಳ ಶ್ರೇಷ್ಠ. ಬೆಜವಾಡಕ್ಕೆ, ಅಂದರೆ ವಿಜಯವಾಡಕ್ಕೆ, ‘ಬ್ಲೇಜ್‌ವಾಡ’ ಎಂಬ ಹೆಸರಿಟ್ಟವರು ಕಟ್ಟಮಂಚಿ ರಾಮಲಿಂಗಾ ರೆಡ್ಡಿ ಎನ್ನುತ್ತಾರೆ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳಿ, ಆ ಊರಿನ ಗಾಳಿ ಕುಡಿದಿದ್ದವರು. ಇಲ್ಲಿಗೆ ಬಂದರೆ ಮತ್ತೇನು ತಾನೇ ತೋಚೀತು?

ಹಂತ 2. ಗವರ್ನರ್‌ಪೇಟೆಗೆ ಹೋಗಿ. ಎಲೆಕ್ಟ್ರಿಕಲ್ ಅಂಗಡಿಯವರು ‘ಲೋಡ್ ಎಂತಂಡಿ?’ ಎಂದು ಕೇಳುತ್ತಾರೆ. ನಮ್ಮ ಕುಂದಾಪುರದ ಕಡೆಯವರು ಎಡವುವುದು ಇಲ್ಲೇ. ನಮಗೆ ‘ಎಂತ’ ಅಂದರೆ ಏನು, ಅವರಿಗೆ ಎಷ್ಟು. ನಾನು ‘ಎಂತದ್ದೂ ಇಲ್ಲ, ಒಂದು ಸಾಕೆಟ್ ಅಷ್ಟೇ’ ಎಂದು ಕೈಯಾಡಿಸಿ, ಒಂದು ಚದರ ಮಿಲಿಮೀಟರ್ ವೈರಿನ 90 ಮೀಟರ್ ಕಾಯಿಲ್ ಹೆಗಲಿಗೇರಿಸಿಕೊಂಡು ಬಂದೆ. ಅಗ್ಗ, ಮೇಲಾಗಿ ಪೈಪಿನಲ್ಲಿ ಹಾವಿನ ಮರಿಯಂತೆ ಸರಸರ ಹೋಗುತ್ತದೆ. ವೈರ್ ಆರಿಸಲು ಇನ್ನೇನು ಬೇಕು?

ಹಳೇ ವಯರ್‌ಮನ್ ಸಿಕ್ಕರೆ ಕೆಲಸ ಇನ್ನೂ ಸುಲಭ. ಅವರ ಬಾಯಲ್ಲಿ ಚದರ ಮಿಲಿಮೀಟರ್ ಬರುವುದಿಲ್ಲ; ‘ತ್ರೀ ಟ್ವೆಂಟಿಟೂ’, ‘ಸೆವೆನ್ ಟ್ವೆಂಟಿ’ ಎನ್ನುತ್ತಾರೆ. ಮೊದಲ ಸಂಖ್ಯೆ ಎಳೆಯ ಲೆಕ್ಕ, ಎರಡನೆಯದು ಗೇಜು. ಗೇಜಿನ ಸಂಖ್ಯೆ ಏರಿದಷ್ಟೂ ಎಳೆ ಸಣ್ಣ. 22 ಗೇಜಿನ ಮೂರೆಳೆ ಸೇರಿದರೆ 1.2 ಚದರ ಮಿಲಿಮೀಟರ್. 20 ಗೇಜಿನ ಏಳೆಳೆ ಸೇರಿದರೆ 4.6. ನೀವು ಮಾತ್ರ 20ಕ್ಕಿಂತ 22 ದಪ್ಪವೆಂದೇ ನಂಬಿರಿ.

ಹಂತ 3. ಲೆಕ್ಕ ಹಾಕಬೇಡಿ. ಹಾಕಿದರೆ ಈ ಕೈಪಿಡಿ ಕೆಲಸಕ್ಕೆ ಬಾರದು. ಒಲೆ 2000 ವಾಟ್, ಪಕ್ಕದಲ್ಲೇ ಕೆಟಲ್ 1500 ವಾಟ್. ಒಟ್ಟನ್ನು 230ರಿಂದ ಭಾಗಿಸಿದರೆ 15.2 ಆಂಪಿಯರ್. ಬೋರ್ಡಿನಿಂದ ಅಡುಗೆಮನೆಗೆ 20 ಮೀಟರ್, ಹೋಗಿ ಬರಲು 40. ಒಂದು ಚದರ ಮಿಲಿಮೀಟರಿನ ತಾಮ್ರದಲ್ಲಿ ಈ ದಾರಿಯ ಪ್ರತಿರೋಧ ಸುಮಾರು 0.78 ಓಮ್. ಆಗ ದಾರಿಯಲ್ಲೇ 12 ವೋಲ್ಟ್ ಸೋರಿಹೋಗಿ, ಸುಮಾರು 180 ವಾಟ್ ಶಾಖವಾಗುತ್ತದೆ. 60 ವಾಟಿನ ಮೂರು ಹಳೇ ಬಲ್ಬುಗಳನ್ನು ಉರಿಸಿ ಗೋಡೆಯೊಳಗೆ ಹೂತು ಗಾರೆ ಮೆತ್ತಿದ ಹಾಗೆ. 2.5ರ ವೈರ್ ಹಾಕಿದ್ದರೆ ಇದು 75ರ ಹತ್ತಿರಕ್ಕೆ ಇಳಿಯುತ್ತಿತ್ತು. ಅದಕ್ಕೇ ಹೇಳಿದ್ದು, ಲೆಕ್ಕ ಬೇಡ.

ಹವೆಯ ವಿಷಯವನ್ನಂತೂ ಎತ್ತಲೇಬೇಡಿ. 2.5ರ ಪಿವಿಸಿ ವೈರಿಗೆ ಪೈಪಿನೊಳಗೆ 24 ಆಂಪಿಯರ್ ಎನ್ನುವುದು ಸುತ್ತಲಿನ ಗಾಳಿ 30 ಡಿಗ್ರಿ ಇದ್ದಾಗಿನ ಮಾತು. 45 ಡಿಗ್ರಿಯಲ್ಲಿ ಅದನ್ನು 0.79ರಿಂದ ಗುಣಿಸಬೇಕು, ಉಳಿಯುವುದು 19. ಅದೇ ಪೈಪಿನಲ್ಲಿ ಇನ್ನೊಂದು ಸರ್ಕ್ಯೂಟ್ ತುರುಕಿದರೆ ಇನ್ನೂ ಕಡಿಮೆ. ಬೆಜವಾಡದ ಬಿಸಿಲು ಮನುಷ್ಯರನ್ನಷ್ಟೇ ಅಲ್ಲ, ವೈರನ್ನೂ ಸೋಮಾರಿ ಮಾಡುತ್ತದೆ.

ಹಂತ 4. ಎಂಸಿಬಿ ಪದೇಪದೇ ಬೀಳತೊಡಗಿದರೆ 16ರದನ್ನು ಕಿತ್ತು 32ರದನ್ನು ಕೂರಿಸಿ. ನಾಯಿ ಬೊಗಳಿದರೆ ನಿದ್ದೆ ಕೆಡುತ್ತದೆಂದು ಅದರ ಬಾಯಿ ಕಟ್ಟಿ, ಬಾಗಿಲು ತೆರೆದಿಟ್ಟು ಮಲಗಿದಂತೆ. ಎಂಸಿಬಿ ಕಾಯುವುದು ಒಲೆಯನ್ನಲ್ಲ, ಗೋಡೆಯೊಳಗಿನ ವೈರನ್ನು ಎಂದು ನನಗೆ ತಿಳಿಸಿದ್ದು ಯಾವ ಪುಸ್ತಕವೂ ಅಲ್ಲ, ವಾಸನೆ. ಮೀನು ಕೆಟ್ಟಿದೆಯೇ ಎಂದು ಹೆಂಡತಿ ಎರಡು ದಿನ ಫ್ರಿಜ್ ಜಾಲಾಡಿದಳು. ಮೂರನೆಯ ದಿನ ಸಾಕೆಟ್ಟಿನ ಮೇಲೆ ಕೈಯಿಟ್ಟು ‘ಹಾಯ್!’ ಎಂದು ಎಳೆದುಕೊಂಡಳು.

ಮೇನ್ ಇಳಿಸಿ, ವಯರ್‌ಮನ್‌ನನ್ನು ಕರೆಸಿದೆವು. ಪ್ಲೇಟ್ ಬಿಚ್ಚಿದಾಗ ಪಿನ್ನಿನ ತೂತಿನ ಸುತ್ತ ನೀರ್ದೋಸೆ ಸೀದ ಬಣ್ಣ. ವೈರಿನ ಕೆಂಪು ಕವಚ ಕಂದಾಗಿ, ಬೆರಳಲ್ಲಿ ಬಗ್ಗಿಸಿದರೆ ಒಣಗಿದ ಸಂಡಿಗೆಯಂತೆ ಪಟ್ಟನೆ ಮುರಿಯಿತು.

ಹಂತ 5. ಮತ್ತೆ ಗವರ್ನರ್‌ಪೇಟೆಗೆ ಹೋಗಿ. ಅದೇ ಅಂಗಡಿ, ಅದೇ ‘ಲೋಡ್ ಎಂತಂಡಿ?’ ಈ ಸಲ ‘ಮೂರೂವರೆ ಕಿಲೋವಾಟ್ ಅಂಡಿ’ ಎಂದೆ. ಆತ ಮಾತಿಲ್ಲದೆ ಐಎಸ್‌ಐ ಗುರುತಿನ 2.5ರ ಕಾಯಿಲ್ ಇಳಿಸಿದ, 16 ಆಂಪಿಯರ್‌ನ ಎಂಸಿಬಿ ಮುಂದಿಟ್ಟ. ಆಮೇಲೆ ‘ಅರ್ತಿಂಗ್‌ಗೆ ಗ್ರೀನ್ ವೈರ್ ಕಾವಾಲಾ ಅಂಡಿ?’ ಎಂದ. ಬೇಕೇ ಎಂದು ಕೇಳಿದ್ದು. ನನ್ನ ಕಿವಿಗೆ ಬಿದ್ದದ್ದು ಮಾತ್ರ ಕಾವಲಿ. ಅದು ಮೂರು ದಿನ ಅಡುಗೆಮನೆಯ ಗೋಡೆಯಲ್ಲೇ ಕಾಯುತ್ತಿತ್ತಲ್ಲ.